ಅರವತ್ತೊಂದರಲ್ಲಿ ಹಾಸ್ಟೆಲ್: ಬಳ್ಳಾರಿಯ ಬೈಬಲ್ ಕಾಲೇಜೊಂದರಲ್ಲಿ ಕಳೆದ ವರ್ಷ

ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ, ಬಳ್ಳಾರಿಯ ಹೊರವಲಯದ ಒಂದು ಬೈಬಲ್ ಕಾಲೇಜಿನಲ್ಲಿ ಒಂದು ವರ್ಷದ ಡಿಪ್ಲೊಮಾಗೆ ಸೇರಿ, ಅಲ್ಲಿಯ ಹಾಸ್ಟೆಲಿನಲ್ಲಿಯೇ ಇದ್ದು, ಕಳೆದ ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದು ಊರಿಗೆ ಮರಳಿದ್ದೇನೆ. ಹೊಸ ಒಡಂಬಡಿಕೆಯನ್ನು ಅದರ ಮೂಲವಾದ ಗ್ರೀಕಿನಲ್ಲಿ ಓದಬೇಕೆಂಬ ಬಹುದಿನದ ಆಸೆ ಇದಕ್ಕೆ ಒಂದು ಕಾರಣ. ಪಿಂಚಣಿ ಬರುವ ಮನುಷ್ಯ ದಿನವಿಡೀ ಮನೆಯಲ್ಲಿ ಕುಳಿತರೆ ಮನೆಯವರಿಗೇ ತೊಂದರೆ ಎಂಬುದು ಇನ್ನೊಂದು. ಮರಳಿ ಬಂದಂದಿನಿಂದ, ಮಕ್ಕಳನ್ನು ಸೇವೆಯ ತರಬೇತಿಗೆ ಕಳುಹಿಸಬೇಕೆಂದಿರುವ ನಮ್ಮ ಸಭೆಯ, ಅಂದರೆ ಚರ್ಚಿನ, ಹಲವರು ಅಲ್ಲಿಯ ಊಟ ಹೇಗೆ, ಪಾಠ ಹೇಗೆ, ಕೊಟ್ಟ ಹಣಕ್ಕೆ ತಕ್ಕುದಾಗಿದೆಯೆ ಎಂದು ಕೇಳುತ್ತಲೇ ಇದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ದೂರುಗಳು ಆ ಒಂದು ಸಂಸ್ಥೆಗೆ ಮಾತ್ರ ಅಂಟುವಂಥವಲ್ಲ, ಹೊಗಳಿಕೆ ಸಲ್ಲಬೇಕಾದ ಅಧ್ಯಾಪಕರಿಗೆ ಅದನ್ನು ಎದುರಿಗೇ ಹೇಳಿ ಬಂದಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಲೇಜಿನ ತರಗತಿ ಕನ್ನಡದಲ್ಲಿ ನಡೆಯುತ್ತದೆ, ಅದರ ಗ್ರಂಥಾಲಯ ಇಂಗ್ಲಿಷಿನಲ್ಲಿದೆ. ಮಾನ್ವಿ, ದೇವದುರ್ಗ, ಕುಷ್ಟಗಿ, ಸಿರುಗುಪ್ಪಗಳ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರ ವಿದ್ಯಾರ್ಥಿ ಜೀವನವೆಲ್ಲ ಈ ಎರಡರ ನಡುವಿನ ಅಂತರದಲ್ಲಿಯೇ ಕಳೆಯುತ್ತದೆ. ತರಗತಿಗೆ ನಾನು ಹತ್ತಕ್ಕೆ ಎಂಟು ಅಂಕ ಕೊಡುತ್ತೇನೆ; ಗ್ರಂಥಾಲಯಕ್ಕೆ ಮೂರು ಕೊಡುವಾಗಲೂ ಕೈ ಹಿಂಜರಿಯುತ್ತದೆ.

ಸೇರುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ, ಅದು ಮಾನ್ಯತೆಯದು. 1818ರಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು ಬಂಗಾಳದ ಸೆರಾಂಪುರದಲ್ಲಿ ಕಾಲೇಜೊಂದನ್ನು ಸ್ಥಾಪಿಸಿದರು. ಆಗ ಆ ಊರು ಡೇನರ ಕೈಯಲ್ಲಿದ್ದುದರಿಂದ 1827ರಲ್ಲಿ ಡೆನ್ಮಾರ್ಕಿನ ಅರಸನೇ ಅದಕ್ಕೆ ಪದವಿ ನೀಡುವ ಸನ್ನದು ಕೊಟ್ಟನು. 1918ರ ಕಾಯ್ದೆಯಿಂದ ರೂಪುಗೊಂಡ ಅದರ ಸೆನೆಟ್ ಇಂದಿಗೂ ದೇಶದ ಅನೇಕ ದೈವಶಾಸ್ತ್ರ ಕಾಲೇಜುಗಳ ಪಠ್ಯಕ್ರಮವನ್ನೂ ಪದವಿಗಳನ್ನೂ ನೋಡಿಕೊಳ್ಳುತ್ತದೆ. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇವೆರಡೂ ಅದರ ಆಶ್ರಯದಲ್ಲಿರುವಂಥವು. ಮುಂದೆ ಬಿ.ಡಿ. ಎಂಬ ದೈವಶಾಸ್ತ್ರ ಪದವಿ ಓದಿ ದೊಡ್ಡ ಸಭೆಯೊಂದರಲ್ಲಿ ಅಭಿಷೇಕ ಹೊಂದಬೇಕೆನ್ನುವವರಿಗೆ ಈ ಮಾನ್ಯತೆಯ ಬೆಲೆ ದೊಡ್ಡದು. ನಾನು ಓದಿದ ಕಾಲೇಜಿಗೆ ಅದಿಲ್ಲ. ನನ್ನಂಥ ನಿವೃತ್ತನಿಗೆ ಅದರಿಂದ ಆಗುವ ನಷ್ಟವೂ ಇಲ್ಲ. ಆದರೆ ನನ್ನ ಪಕ್ಕದ ಮಂಚದ, ದೇವದುರ್ಗ ತಾಲ್ಲೂಕಿನ ಹುಡುಗನಿಗೆ ಇದು ಗೊತ್ತಾದದ್ದು ಸೇರಿದ ಮೂರನೆಯ ತಿಂಗಳಲ್ಲಿ, ಅದೂ ಹಿರಿಯ ವಿದ್ಯಾರ್ಥಿಯೊಬ್ಬನ ಬಾಯಿಂದ. ಅರ್ಜಿಯ ಜೊತೆ ಕೊಡುವ ಪುಸ್ತಿಕೆಯಲ್ಲಿ ಕೀರ್ತನೆಯ ಸಾಲುಗಳಿಗೆ ಎರಡು ಪುಟ ಮೀಸಲಿಟ್ಟವರು ಇದಕ್ಕೆ ಒಂದು ಸಾಲು ಮೀಸಲಿಡಬಹುದಿತ್ತು.

ದಿನಚರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲ ಇಂಥ ಕಾಲೇಜುಗಳಲ್ಲಿಯೂ ಒಂದೇ. ಬೆಳಿಗ್ಗೆ 5.30ಕ್ಕೆ ಗಂಟೆ, ಆರಕ್ಕೆ ಏಕಾಂತ ಪ್ರಾರ್ಥನೆ, ಏಳರ ನಂತರ ಅಂಗಳ ಗುಡಿಸುವುದು, ಪಾತ್ರೆ ತೊಳೆಯುವುದು, ಗಿಡಗಳಿಗೆ ನೀರುಣಿಸುವುದು ಮೊದಲಾದ ಪಾಳಿಯ ಕೆಲಸ, ಆಮೇಲೆ ಚಾಪೆಲ್‌ನಲ್ಲಿ ಆರಾಧನೆ, ಒಂಬತ್ತರಿಂದ ಒಂದರವರೆಗೆ ತರಗತಿ, ಸಂಜೆ ಆಟ, ರಾತ್ರಿ ಹತ್ತಕ್ಕೆ ದೀಪ ಆರಿಸುವುದು. ನನ್ನ ವಯಸ್ಸನ್ನು ನೋಡಿ ವಾರ್ಡನ್‌ರು ಪಾಳಿಯ ಕೆಲಸದಿಂದ ಬಿಡುಗಡೆ ಕೊಡಲು ಬಂದರು, ನಾನು ಒಪ್ಪಲಿಲ್ಲ; ಕೊನೆಗೆ ಹಾಡಿನ ಪುಸ್ತಕಗಳನ್ನು ಎಣಿಸಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗರು ಮೊದಲ ವಾರ ನನ್ನನ್ನು 'ಸರ್' ಎಂದರು, ಎರಡನೆಯ ವಾರ 'ಮೇಷ್ಟ್ರೇ' ಎಂದರು, ಮೂರನೆಯ ವಾರದಿಂದ ವರ್ಷ ಮುಗಿಯುವವರೆಗೆ ಬಳ್ಳಾರಿ ಸೀಮೆಯ ವಾಡಿಕೆಯಂತೆ 'ತಾತ' ಎಂದೇ ಕರೆದರು. ಗ್ರೀಕ್ ಕಲಿಸುತ್ತಿದ್ದ ಅಧ್ಯಾಪಕರಿಗೆ ನನ್ನ ಮಗನ ವಯಸ್ಸು. ಅವರನ್ನು ನಾನು 'ಸರ್' ಎಂದು ಕರೆದಾಗಲೆಲ್ಲ ಅವರು ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದರು.

ಆ ಗ್ರೀಕ್ ತರಗತಿಯನ್ನು ಕುರಿತು ಮಾತ್ರ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಕಾಲೇಜಿಗೆ ಯಾರಾದರೂ ಹಣ ಕೊಟ್ಟು ಸೇರುವುದಾದರೆ ಅದಕ್ಕಾಗಿಯೇ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಗ್ರೀಕ್ ಎಂದರೆ ನಮ್ಮ ಹುಡುಗರು ಹೆದರುವುದು ಅದು ಗ್ರೀಕ್ ಎಂಬ ಕಾರಣಕ್ಕಲ್ಲ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಅದರ ವ್ಯಾಕರಣ ಇಂಗ್ಲಿಷ್ ಓದುಗನನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದಾಗಿರುತ್ತದೆ, ಹೀಗಾಗಿ ಒಂದು ಅಪರಿಚಿತ ಭಾಷೆಯನ್ನು ಇನ್ನೊಂದು ಅರೆಪರಿಚಿತ ಭಾಷೆಯ ಕಿಟಕಿಯಿಂದ ನೋಡಬೇಕಾಗುತ್ತದೆ. ನಮ್ಮ ಅಧ್ಯಾಪಕರು ಮೊದಲ ದಿನವೇ ಆ ಕಿಟಕಿಯನ್ನು ಮುಚ್ಚಿದರು. ಗ್ರೀಕಿನ 24 ಅಕ್ಷರಗಳನ್ನು ಕರಿಹಲಗೆಯ ಮೇಲೆ ಬರೆದು ಪ್ರತಿಯೊಂದರ ಎದುರಿಗೆ ಕನ್ನಡ ಅಕ್ಷರವನ್ನು ಬರೆದರು. ಎಪ್ಸಿಲಾನ್ ಎದುರಿಗೆ ಎ, ಈಟಾ ಎದುರಿಗೆ ಏ. ಒಮಿಕ್ರಾನ್ ಎದುರಿಗೆ ಒ, ಒಮೇಗಾ ಎದುರಿಗೆ ಓ. ನನಗೆ ರೋಮಾಂಚನವಾಯಿತು. ಎಕಾರ ಒಕಾರಗಳಲ್ಲಿ ಹ್ರಸ್ವದೀರ್ಘಗಳನ್ನು ಬೇರೆ ಬೇರೆ ಅಕ್ಷರಗಳಿಂದ ತೋರಿಸುವ ಸೌಕರ್ಯ ಇಂಗ್ಲಿಷಿಗಿಲ್ಲ, ಸಂಸ್ಕೃತದಲ್ಲಿ ಹ್ರಸ್ವ ಎ ಮತ್ತು ಒ ಎಂಬ ಸ್ವರಗಳೇ ಇಲ್ಲ. ನಮ್ಮ ಕನ್ನಡ ವರ್ಣಮಾಲೆಯಲ್ಲಿ ಒಂದನೆಯ ತರಗತಿಯಿಂದಲೇ ನಾವು ಅವನ್ನು ತಿದ್ದುತ್ತ ಬಂದಿದ್ದೇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದಿದ್ದ ಇಬ್ಬರು ಈ ಸ್ವರಗಳಲ್ಲಿ ತಿಂಗಳುಗಟ್ಟಲೆ ತಪ್ಪಿದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕಟ್ಟಿದ್ದ ಕುಷ್ಟಗಿಯ ಹುಡುಗ ಒಂದು ದಿನವೂ ತಪ್ಪಲಿಲ್ಲ.

ಅನಂತರ ವಿಭಕ್ತಿಗಳು ಬಂದವು. ಲೊಗೊಸ್, ಲೊಗೊನ್, ಲೊಗೂ, ಲೊಗೋ, ಲೊಗೆ ಎಂದು ಒಂದೇ ನಾಮಪದ ಐದು ರೂಪ ತಾಳುವುದನ್ನು ಇಂಗ್ಲಿಷ್ ಪಠ್ಯಪುಸ್ತಕ ಆರು ಪುಟಗಳಷ್ಟು ವಿವರಿಸುತ್ತದೆ, ಏಕೆಂದರೆ ಅದರ ಓದುಗನಿಗೆ ವಿಭಕ್ತಿ ಪ್ರತ್ಯಯವೆಂಬುದು ಹೊಸ ಕಲ್ಪನೆ. 'ದೇವನು, ದೇವನನ್ನು, ದೇವನ, ದೇವನಿಗೆ, ದೇವನೇ' ಎಂದು ಹೇಳಬಲ್ಲವನಿಗೆ ಅದು ಹೊಸದೇ ಅಲ್ಲ. ಕ್ರಿಯಾಪದದ ಮಾತೂ ಹಾಗೆಯೇ. 'ಬಿಚ್ಚುತ್ತೇನೆ' ಎಂದಾಗ 'ನಾನು' ಎಂದು ಬೇರೆ ಹೇಳಬೇಕಿಲ್ಲ; ಗ್ರೀಕಿನಲ್ಲಿಯೂ ಲೂಓ ಎಂದರೆ ಸಾಕು, ಕರ್ತೃ ಕ್ರಿಯಾಪದದ ಬಾಲದಲ್ಲಿಯೇ ಇದ್ದಾನೆ. ಎಲ್ಲಕ್ಕಿಂತ ಸೊಗಸಾದದ್ದು ಮಧ್ಯಮ ಪ್ರಯೋಗದ ಪಾಠ. ಕರ್ತರಿಯೂ ಅಲ್ಲದ, ಕರ್ಮಣಿಯೂ ಅಲ್ಲದ, ಕ್ರಿಯೆಯ ಫಲ ಮಾಡಿದವನ ಕಡೆಗೇ ತಿರುಗುವ ಈ ರೂಪವನ್ನು ವಿವರಿಸಲು ಪುಸ್ತಕ ತಿಣುಕಾಡುತ್ತದೆ. ಅಧ್ಯಾಪಕರು ಲೂಓ ಎಂಬುದನ್ನು ಅಳಿಸಿ, ಲೌಓ ಎಂದರೆ 'ತೊಳೆಯುತ್ತೇನೆ', ಲೌಒಮಾಯ್ ಎಂದರೆ 'ತೊಳೆದುಕೊಳ್ಳುತ್ತೇನೆ' ಎಂದು ಬರೆದು ಸುಣ್ಣದ ಕಡ್ಡಿ ಕೆಳಗಿಟ್ಟರು. ನಮ್ಮ 'ಕೊಳ್ಳು' ಇದ್ದಾಗ ಇನ್ನೇನು ವಿವರಣೆ ಬೇಕು? 31 ವರ್ಷ ವ್ಯಾಕರಣ ಪಾಠ ಮಾಡಿದ ನಾನು 'ಕೊಳ್ಳು' ಎಂಬ ಈ ಪುಟ್ಟ ಧಾತುವಿನ ಮಹಿಮೆಯನ್ನು ಅಂದು ಮೊದಲ ಬಾರಿಗೆ ಸರಿಯಾಗಿ ಕಂಡೆ ಎಂದು ಒಪ್ಪಿಕೊಳ್ಳುತ್ತೇನೆ. ಎಡವುವುದು ಎಲ್ಲಿ ಎಂದರೆ ಉಪಪದಗಳಲ್ಲಿ, ಅಂದರೆ ಇಂಗ್ಲಿಷಿನ 'ದಿ' (the) ಯಂಥ ಪದಗಳಲ್ಲಿ. ಗ್ರೀಕಿನ ನಾಮಪದಗಳಿಗೆ ಮುಂಚೆ ಬರುವ ಆ ಪುಟ್ಟ ಪದಕ್ಕೆ ಕನ್ನಡದಲ್ಲಿ ಸಮನಾದದ್ದಿಲ್ಲ. ಯೋಹಾನನ ಸುವಾರ್ತೆಯ ಮೊದಲ ವಚನದಲ್ಲಿ 'ಥೆಒಸ್' (ದೇವರು) ಎಂಬುದಕ್ಕೆ ಮುಂಚೆ ಆ ಪದ ಏಕಿಲ್ಲ ಎಂಬ ಒಂದೇ ಪ್ರಶ್ನೆ ನಮ್ಮ ಎರಡು ವಾರಗಳನ್ನು ನುಂಗಿತು.

ಬಳ್ಳಾರಿಯ ತರಗತಿಗೆ ಇನ್ನೊಂದು ವಿಶೇಷವಿದೆ, ಅದು ತೆಲುಗು. ಆದವಾನಿ, ಆಲೂರುಗಳ ಕಡೆಯ ವಿದ್ಯಾರ್ಥಿಗಳು ಇಲ್ಲಿ ಯಾವಾಗಲೂ ಇರುತ್ತಾರೆ, ಬಳ್ಳಾರಿಯವರಿಗಂತೂ ಎರಡು ಭಾಷೆ ಎರಡು ಕೈಯಿದ್ದ ಹಾಗೆ. 1953ರವರೆಗೆ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತೆಂಬುದನ್ನು ನಾಲಗೆ ಇನ್ನೂ ಮರೆತಿಲ್ಲ. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಶಿಷ್ಯರು ಮಲಗಿದ್ದ ಯೇಸುವನ್ನು ಎಬ್ಬಿಸಿ, ನಾವು ಸಾಯುತ್ತಿರುವುದು ನಿನಗೆ ಚಿಂತೆಯಿಲ್ಲವೇ ಎಂದು ಕೇಳುವ ಮಾತು ಬರುತ್ತದೆ. ಕನ್ನಡದಲ್ಲಿ 'ನಾವು' ಎಂದರೆ ಮುಗಿಯಿತು, ಗ್ರೀಕಿನಲ್ಲಿಯೂ ಹಾಗೆಯೇ. ತೆಲುಗಿನವನಿಗೆ ಮಾತ್ರ ಅಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ: ಕೇಳುವವನನ್ನೂ ಸೇರಿಸಿಕೊಂಡು 'ಮನಮು' ಎನ್ನಬೇಕು, ಅಥವಾ ಅವನನ್ನು ಹೊರಗಿಟ್ಟು 'ಮೇಮು' ಎನ್ನಬೇಕು. ಯೇಸುವೂ ತಮ್ಮೊಂದಿಗೆ ಮುಳುಗುತ್ತಾನೆಂದು ಶಿಷ್ಯರು ತಿಳಿದಿದ್ದರೋ, ಇಲ್ಲವೋ? ಆದವಾನಿಯ ಹುಡುಗಿಯೊಬ್ಬಳು ಎತ್ತಿದ ಈ ಪ್ರಶ್ನೆಯ ಮೇಲೆ ಒಂದು ಇಡೀ ಬೆಳಗು ವಾದ ನಡೆಯಿತು, ಊಟದ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ಇಂಥ ತರಗತಿ ದೊಡ್ಡ ನಗರದ ಹೆಸರಾಂತ ಕಾಲೇಜಿನಲ್ಲಿ ನಡೆಯುವುದು ಕಷ್ಟವೆಂದು ನನಗನಿಸುತ್ತದೆ. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಕೂತಿರುತ್ತಾರೆ. ಹೀಬ್ರೂ ತರಗತಿ ಇದಕ್ಕೆ ಸಾಟಿಯಲ್ಲ. 22 ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆಯಲು ಕಲಿಸಿ, ಕೆಲವು ಕೀರ್ತನೆಗಳ ಮೊದಲ ಸಾಲುಗಳನ್ನು ಬಾಯಿಪಾಠ ಮಾಡಿಸಿ ಬಿಟ್ಟರು.

ಇನ್ನು ಗ್ರಂಥಾಲಯ. ಕೋಣೆ ಅಚ್ಚುಕಟ್ಟಾಗಿದೆ, ಕಿಟಕಿಗಳು ಉತ್ತರಕ್ಕೆ ತೆರೆದುಕೊಳ್ಳುವುದರಿಂದ ಮೇ ತಿಂಗಳಲ್ಲಿಯೂ ಕೂರಬಹುದು, ಪಾಲಕಿಯಾದ ಸಿಸ್ಟರ್ ಕೇಳಿದ ಪುಸ್ತಕವನ್ನು ತಾವೇ ಎದ್ದು ತಂದುಕೊಡುತ್ತಾರೆ. ಆದರೆ ಸತ್ಯವೇದದ, ಅಂದರೆ ಬೈಬಲಿನ, ಪ್ರತಿ ಪುಸ್ತಕಕ್ಕೂ ಸಾಲುಸಾಲಾಗಿ ನಿಂತಿರುವ ವ್ಯಾಖ್ಯಾನಗಳೆಲ್ಲವೂ ಇಂಗ್ಲಿಷಿನವು, ಅವುಗಳಲ್ಲಿ ಬಹುಪಾಲು ಹೊರದೇಶದ ಯಾವುದೋ ಸಭೆಯವರು ತಮ್ಮ ಕಪಾಟು ಖಾಲಿ ಮಾಡಿ ಕಳುಹಿಸಿದವು. ಕೆಲವುಗಳ ಹಾಳೆಗಳನ್ನು ನಾನೇ ಮೊದಲ ಬಾರಿಗೆ ಬಿಡಿಸಿದೆ. ಕನ್ನಡಕ್ಕೆ ಇರುವುದು ಬಾಗಿಲ ಹಿಂದಿನ ಒಂದೂವರೆ ಹಲಗೆ. ಅದರಲ್ಲಿ ಹಾಡಿನ ಪುಸ್ತಕಗಳನ್ನೂ, ಒಂದೇ ಕಿರುಹೊತ್ತಗೆಯ ಹನ್ನೊಂದು ಪ್ರತಿಗಳನ್ನೂ ಬಿಟ್ಟರೆ ಓದಲು ಉಳಿಯುವುದು ಕೆಲವೇ ಕೆಲವು. ಪರಿಣಾಮವಾಗಿ ಪ್ರಬಂಧ ಬರೆಯುವ ವಾರ ಬಂತೆಂದರೆ ಹುಡುಗರು ಮೊಬೈಲಿನಲ್ಲಿ ಇಂಗ್ಲಿಷ್ ಪುಟದ ಚಿತ್ರ ತೆಗೆದು, ಯಂತ್ರ ಕೊಟ್ಟ ಅನುವಾದವನ್ನು ಹಾಗೆಯೇ ನಕಲು ಮಾಡುತ್ತಾರೆ. ಅಂಥ ಒಂದು ಪ್ರಬಂಧವನ್ನು ತಿದ್ದಲು ನನ್ನ ಬಳಿ ತಂದಿದ್ದರು. ಅದರಲ್ಲಿ ಪೌಲನು ರೋಮಾಪುರದವರಿಗೆ 'ಅಕ್ಷರ'ವನ್ನು ಬರೆದಿದ್ದನು. ಪತ್ರವೂ ಅಕ್ಷರವೂ ಇಂಗ್ಲಿಷಿನಲ್ಲಿ ಒಂದೇ ಪದವೆಂಬುದು ಹೊಳೆಯಲು ನನಗೆ ಒಂದು ನಿಮಿಷ ಹಿಡಿಯಿತು.

ಇದು ಬೇರಾವ ಊರಿನಲ್ಲಿ ನಡೆದಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ಇದೇ ಬಳ್ಳಾರಿಯಲ್ಲಿ. ಇಲ್ಲಿಯ ಪಂಡಿತರ ನೆರವಿನಿಂದ ಕನ್ನಡ ಕಲಿತು, ವಿಲಿಯಂ ರೀವ್ ಜೊತೆಗೂಡಿ, ಸುಮಾರು ಎರಡು ದಶಕಗಳ ದುಡಿಮೆಯಲ್ಲಿ ಅವರು ಬೈಬಲನ್ನು ಕನ್ನಡಕ್ಕೆ ತಂದರು. ಅದೇ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಕಿಟ್ಟೆಲ್ಲರ ನಿಘಂಟು ಬಂದದ್ದು 1894ರಲ್ಲಿ, ಅಂದರೆ ಅದಕ್ಕೂ 62 ವರ್ಷ ತಡವಾಗಿ. ಮಂಗಳೂರಿನವರು ಕಿಟ್ಟೆಲ್ಲರನ್ನು ನೆನೆಯುವಷ್ಟು ನಾವು ಬಳ್ಳಾರಿಯವರು ಹ್ಯಾಂಡ್ಸ್, ರೀವ್ ಇವರನ್ನು ನೆನೆಯುವುದಿಲ್ಲ. ನಮ್ಮ ನೆನಪು ಊರಿನ ಹಳೆಯ ಮಿಷನ್ ಶಾಲೆಯಾದ ವಾರ್ಡ್‌ಲಾ ಶಾಲೆಯ ಕಟ್ಟಡದವರೆಗೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಸಭಾ ಚರಿತ್ರೆಯ ತರಗತಿಯಲ್ಲಿ ಯುರೋಪಿನ ಸುಧಾರಕರಾದ ಲೂಥರ್, ಕ್ಯಾಲ್ವಿನ್ನರಿಗೆ ಒಂದು ತಿಂಗಳು ಸಿಕ್ಕಿತು, ಬಳ್ಳಾರಿಗೆ ಅರ್ಧ ಗಂಟೆ ಸಿಕ್ಕಿತು, ಅದೂ ನಾನು ಕೇಳಿದ್ದಕ್ಕೆ. ಕನ್ನಡದಲ್ಲಿ ಸತ್ಯವೇದ ರೂಪುಗೊಂಡ ಊರಿನಲ್ಲಿಯೇ, ಆ ಸತ್ಯವೇದವನ್ನು ಅರಿಯಲು ಕನ್ನಡದ ಹುಡುಗ ಇಂಗ್ಲಿಷಿನ ಮೊರೆ ಹೋಗಬೇಕಾದ ಈ ಸ್ಥಿತಿಗೆ ಹಣದ ಕೊರತೆಯೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಅಧ್ಯಾಪಕರು ಕನ್ನಡದಲ್ಲಿ ಹೇಳುವ ಪಾಠಗಳನ್ನು ಯಾರೂ ಬರೆದಿಡುತ್ತಿಲ್ಲ. ಪ್ರತಿವರ್ಷ ಅವು ಗಾಳಿಗೆ ಹೋಗುತ್ತಿವೆ. ಗ್ರೀಕ್ ತರಗತಿಯ ನನ್ನ ಟಿಪ್ಪಣಿಗಳನ್ನು ನಾನು ಡಿಟಿಪಿ ಮಾಡಿಸಿ, 84 ಪುಟಗಳ ಸ್ಪೈರಲ್ ಬೈಂಡಿಂಗ್ ಪ್ರತಿಯೊಂದನ್ನು ಸಿಸ್ಟರ್‌ಗೆ ಕೊಟ್ಟು ಬಂದೆ. ಅದಕ್ಕೆ ನಂಬರು ಹಾಕಿ ಬಾಗಿಲ ಹಿಂದಿನ ಹಲಗೆಯಲ್ಲಿ ಇಟ್ಟರು. ಎರಡೇ ತಿಂಗಳಲ್ಲಿ ಅದು ಎರಡು ಸಲ ಕಳೆದುಹೋಗಿ ಮತ್ತೆ ಸಿಕ್ಕಿದೆಯಂತೆ. ಇಂಗ್ಲಿಷ್ ವ್ಯಾಖ್ಯಾನಗಳು ಒಂದೂ ಕಳೆದಿಲ್ಲ.

ಅನುವಾದದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳು ಓದುವ 'ಸತ್ಯವೇದವು' ಯೇಸುವನ್ನು ಏಕವಚನದಲ್ಲಿ 'ಹೇಳಿದನು' ಎನ್ನುತ್ತದೆ; ಕಥೊಲಿಕರ ಅನುವಾದದಲ್ಲಿ 'ಯೇಸುಸ್ವಾಮಿ ಹೇಳಿದರು' ಎಂದಿದೆ. ಗ್ರೀಕಿನಲ್ಲಿ ಗೌರವ ಬಹುವಚನವೆಂಬುದಿಲ್ಲ, ಹಾಗಾಗಿ ಎರಡನ್ನೂ ಮೂಲಕ್ಕೆ ದ್ರೋಹವೆನ್ನಲಾಗದು. ನಮ್ಮ ಕಾಲೇಜಿನಲ್ಲಿ ಇದನ್ನು ಪಾಠವಾಗಿ ಚರ್ಚಿಸಿದರು, ಇನ್ನೊಬ್ಬರ ಅನುವಾದವನ್ನು ಹಳಿಯಲು ಬಳಸಲಿಲ್ಲ. ಇಂಥ ಕಾಲೇಜುಗಳಲ್ಲಿ ಪಂಗಡದ ಜಗಳ ಹೆಚ್ಚು ಎಂದು ಕೇಳಿ ಹೆದರಿರುವ ತಂದೆತಾಯಿಯರಿಗಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊಟ್ಟೆಗೆ ಕೊರತೆಯಿಲ್ಲ, ನಾಲಗೆಗೆ ಇದೆ. ಮಧ್ಯಾಹ್ನ ಅನ್ನ, ಬೇಳೆಸಾರು, ಒಂದು ಪಲ್ಯ, ರಾತ್ರಿಯೂ ಅನ್ನ. ಸಿರುಗುಪ್ಪ, ಗಂಗಾವತಿಗಳ ಸೋನಾಮಸೂರಿ ಅಕ್ಕಿ ಕೂಗಳತೆಯಲ್ಲಿ ಸಿಗುವ ಈ ಸೀಮೆಯಲ್ಲಿ ಅನ್ನ ಚೆನ್ನಾಗಿಯೇ ಇರುತ್ತದೆ, ಆದರೆ ಲಿಂಗಸೂಗೂರು, ಕುಷ್ಟಗಿಗಳ ಕಡೆಯಿಂದ ಬಂದ ಹುಡುಗರಿಗೆ ಜೋಳದ ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ. ವಾರಕ್ಕೆ ಎರಡು ದಿನ ರೊಟ್ಟಿ ಮಾಡುತ್ತಾರೆ. ಆ ಎರಡು ರಾತ್ರಿ ಪುಂಡಿಪಲ್ಯ, ಶೇಂಗಾ ಚಟ್ನಿ ಜೊತೆಗಿದ್ದರೆ ಸಂಜೆಯ ಪ್ರಾರ್ಥನೆಗಳು ಕೂಡ ಚಿಕ್ಕದಾಗುತ್ತವೆ. ಶನಿವಾರ ಬೆಳಿಗ್ಗೆಯ ವಗ್ಗಾಣಿಗೆ ಮಿರ್ಚಿ ಇರುವುದಿಲ್ಲ ಎಂಬುದು ನನ್ನ ವೈಯಕ್ತಿಕ ದೂರು. ಬಳ್ಳಾರಿಯಲ್ಲಿ ಮಿರ್ಚಿ ಇಲ್ಲದೆ ವಗ್ಗಾಣಿ ಬಡಿಸುವುದಕ್ಕೆ ಒಂದು ಧೈರ್ಯ ಬೇಕು. ಭಾನುವಾರ ಕೋಳಿ. ಅಡುಗೆಯಮ್ಮ ಉಪ್ಪುಖಾರ ಕಡಿಮೆ ಬೇಕೆನ್ನುವ ನನ್ನಂಥವರಿಗೆ ಸಾರನ್ನು ಬೇರೆ ತೆಗೆದಿಡುತ್ತಿದ್ದರು, ಕೇಳದೆಯೇ.

ಹಾಸ್ಟೆಲಿನ ಕೋಣೆಗೆ ಆರು ಮಂಚ, ಒಂದು ಫ್ಯಾನು. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುವಾಗ, ಬಂಡೆಗುಡ್ಡಗಳು ಹಗಲಿನ ಕಾವನ್ನು ರಾತ್ರಿಯೆಲ್ಲ ಹಿಂತಿರುಗಿಸುವಾಗ, ಒಂದು ಫ್ಯಾನಿನ ಕೆಳಗೆ ಆರು ಜನ ಮಲಗುವುದೆಂದರೆ ಏನೆಂದು ಹೇಳುವ ಅಗತ್ಯವಿಲ್ಲ. ಮಾರ್ಚಿನಿಂದ ಎಲ್ಲರೂ ಮಾಳಿಗೆಯ ಮೇಲೆ ಚಾಪೆ ಹಾಸುತ್ತಾರೆ. ಹುಡುಗಿಯರ ಹಾಸ್ಟೆಲಿಗೆ ಆ ಅನುಕೂಲವಿಲ್ಲ, ಅವರ ಮಾಳಿಗೆಗೆ ಬೀಗ. ಆಡಳಿತದವರು ಸರಿಪಡಿಸಬೇಕಾದ ಸಂಗತಿಗಳಲ್ಲಿ ಇದನ್ನು ಗ್ರಂಥಾಲಯದ ಪಕ್ಕದಲ್ಲಿಯೇ ಇಡುತ್ತೇನೆ. ನೀರು ಎರಡು ದಿನಕ್ಕೊಮ್ಮೆ ತೊಟ್ಟಿಗೆ ಬರುತ್ತದೆ. ಮೊಬೈಲನ್ನು ಸಂಜೆ ಒಂದು ಗಂಟೆ ಕೊಡುತ್ತಾರೆ, ಅದು ಸರಿಯಾದ ನಿಯಮವೆಂದೇ ನನ್ನ ಮತ.

ಭಾನುವಾರದ ಸೇವೆಯನ್ನು ಅಲ್ಲಿ 'ಫೀಲ್ಡ್' ಎನ್ನುತ್ತಾರೆ. ಇಬ್ಬಿಬ್ಬರಂತೆ ವಿದ್ಯಾರ್ಥಿಗಳನ್ನು ಸುತ್ತಲಿನ ಹಳ್ಳಿಗಳ ಸಣ್ಣ ಸಭೆಗಳಿಗೆ ಕಳುಹಿಸುತ್ತಾರೆ. ಬೆಳಗಿನ ಮೊದಲ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ಹಿಡಿಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಖರ್ಚಿಲ್ಲ, ಹುಡುಗರಿಗೆ ಕಾಲೇಜು ಕೊಡುವ ಬಸ್ ಖರ್ಚು ಹೋಗುವಾಗಿನ ದಾರಿಗೆ ಸಾಕಾಗುತ್ತದೆ, ಬರುವಾಗಿನದು ಸಭೆಯವರ ದಯೆ. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಆರಾಧನೆಗೆ ಬರುವವರೇ ಕಡಿಮೆ. ಆಗ ಹುಡುಗರು ಹೊಲಕ್ಕೇ ಹೋಗಿ, ಬಿಡುವಿನ ಹೊತ್ತಿನಲ್ಲಿ ಗಿಡದ ನೆರಳಲ್ಲಿ ಒಂದು ಹಾಡು, ಒಂದು ಪ್ರಾರ್ಥನೆ ಮುಗಿಸುತ್ತಾರೆ. ಇದನ್ನು ಯಾವ ಪಠ್ಯಕ್ರಮವೂ ಕಲಿಸಿದ್ದಲ್ಲ.

ಪ್ರಸಂಗಶಾಸ್ತ್ರದ, ಅಂದರೆ ಸಭೆಯಲ್ಲಿ ಉಪದೇಶ ಮಾಡುವುದನ್ನು ಕಲಿಸುವ, ತರಗತಿಯಲ್ಲಿ ಕಲಿಯಲಾಗದ ಪಾಠವೊಂದು ನನಗೆ ಅಂಥ ಹಳ್ಳಿಯಲ್ಲಿಯೇ ಸಿಕ್ಕಿತು. ತಗಡಿನ ಮಾಡಿನ ಪ್ರಾರ್ಥನಾ ಮಂದಿರ, ಮೂವತ್ತು ಜನ, ನನ್ನ ಸರದಿ. ಶಾಲೆಯಲ್ಲಿ ಮೂರು ದಶಕ ಮಾತನಾಡಿದವನು ನಾನು, ಅಳುಕೇನೂ ಇರಲಿಲ್ಲ. 'ಸಮಾಧಾನ' ಎಂಬ ಪದವನ್ನು ಹಿಡಿದು, ಸತ್ಯವೇದದಲ್ಲಿ ಅದಕ್ಕಿರುವ ಆಳವನ್ನು, ಹೀಬ್ರೂವಿನ 'ಶಾಲೋಮ್' ಎಂಬುದರ ವ್ಯಾಪ್ತಿಯನ್ನು ಅರ್ಧ ಗಂಟೆ ವಿವರಿಸಿದೆ. ಮುಗಿದ ಮೇಲೆ ಮುಂದೆ ಕೂತಿದ್ದ ಹಿರಿಯಳೊಬ್ಬಳು ಎದ್ದು, "ಅಲ್ರೀ ಅಯ್ಯನವ್ರೇ, ಸಮಾಧಾನ ಮಾಡ್ಕಳ್ರಿ ಅಂತ ಯಾರಿಗರ ಯಾವಾಗ ಹೇಳ್ತೀವ್ರಿ? ಮನ್ಯಾಗ ಹೆಣ ಬಿದ್ದಾಗ. ನೀವ್ ನೋಡಿದ್ರ ಹಬ್ಬದ್ ದಿನ ಹೇಳಾಕತ್ತೀರಿ," ಎಂದಳು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಮರಳುವಾಗ ನಗು ಬರಲಿಲ್ಲ. ಸತ್ಯವೇದದ 'ಸಮಾಧಾನ'ವನ್ನು ನಾನು ನಿಘಂಟಿನಲ್ಲಿ ಹುಡುಕಿದ್ದೆ. ಅದು ಅವಳ ಓಣಿಯಲ್ಲಿ ಬೇರೆಯದೇ ಬದುಕು ಬದುಕುತ್ತಿತ್ತು. ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರೂ ತಮ್ಮ ಫೀಲ್ಡಿನ ವರದಿ ಓದಬೇಕು. ನಾನು ಇದನ್ನೇ ಓದಿದೆ. ಅಧ್ಯಾಪಕರು ಆ ವಾರದ ಪಾಠವನ್ನು ಬದಿಗಿಟ್ಟು, ಸತ್ಯವೇದದ 'ನೀತಿ', 'ಕೃಪೆ', 'ವಾಕ್ಯ' ಎಂಬ ಪದಗಳಿಗೆ ನಮ್ಮ ನಮ್ಮ ಊರಿನಲ್ಲಿ ಏನರ್ಥವೆಂದು ಒಬ್ಬೊಬ್ಬರನ್ನೂ ಕೇಳುತ್ತ ಹೋದರು. 'ಆದಿಯಲ್ಲಿ ವಾಕ್ಯವಿತ್ತು' ಎಂಬುದನ್ನು ಕೇಳಿದರೆ ತನ್ನ ಅಜ್ಜಿಗೆ ಶಾಲೆಯ ಕರಿಹಲಗೆ ನೆನಪಾಗುತ್ತದೆ ಎಂದು ಒಬ್ಬ ಹೇಳಿದ. ಈ ಸೋಮವಾರದ ಗಂಟೆಯೇ ಕಾಲೇಜಿನ ಎರಡನೆಯ ದೊಡ್ಡ ಬಲ.

ಫೀಲ್ಡಿನ ವಿಷಯದಲ್ಲಿ ಒಂದು ಆಕ್ಷೇಪವಿದೆ. ಹುಡುಗರನ್ನು ಪ್ರಸಂಗಕ್ಕೆ ಕಳುಹಿಸುತ್ತಾರೆ, ಹುಡುಗಿಯರನ್ನು ಸಂಡೇ ಸ್ಕೂಲಿಗೆ. ದೋಣಿಯ ಕಥೆಯಲ್ಲಿ 'ಮನಮು–ಮೇಮು' ಪ್ರಶ್ನೆ ಎತ್ತಿದ ಹುಡುಗಿ ವರ್ಷವಿಡೀ ಮಕ್ಕಳಿಗೆ ಬಣ್ಣದ ಚಿತ್ರ ತೋರಿಸಿದಳು. ಮಕ್ಕಳಿಗೆ ಕಲಿಸುವುದು ಕೀಳೆಂದು ನಾನು ಹೇಳಲಾರೆ, ಬದುಕಿಡೀ ಅದನ್ನೇ ಮಾಡಿದವನು. ಆದರೆ ಗ್ರೀಕಿನಲ್ಲಿ ಮೊದಲ ಅಂಕ ಪಡೆದವಳ ಮಾತನ್ನು ಕೇಳುವ ಭಾಗ್ಯ ಯಾವ ಸಭೆಗೂ ಸಿಗಲಿಲ್ಲ. ಪ್ರಿನ್ಸಿಪಾಲರ ಎದುರು ಇದನ್ನು ಎತ್ತಿದೆ. ಹಳ್ಳಿಯ ಸಭೆಗಳೇ ಒಪ್ಪುವುದಿಲ್ಲ ಎಂದರು. ಮೇಲಿನ ಮುದುಕಿಯ ಸಭೆಯನ್ನು ಯಾರೂ ಕೇಳಿ ನೋಡಿದಂತಿಲ್ಲ.

ಖರ್ಚಿನ ಲೆಕ್ಕ ಹೇಳುವುದಾದರೆ, ಇಡೀ ವರ್ಷಕ್ಕೆ ಊಟ, ವಸತಿ, ಬೋಧನೆ ಎಲ್ಲ ಸೇರಿ ನಾನು ಕೊಟ್ಟದ್ದು ನನ್ನ ಎರಡು ತಿಂಗಳ ಪಿಂಚಣಿಗಿಂತ ಕಡಿಮೆ. ಸಭೆಯ ಶಿಫಾರಸು ಪತ್ರ ತಂದ ಬಡ ವಿದ್ಯಾರ್ಥಿಗಳಿಗೆ ಅದರಲ್ಲಿಯೂ ರಿಯಾಯಿತಿ ಇದೆ, ಆದರೆ ಅದನ್ನು ಕೇಳಿಯೇ ಪಡೆಯಬೇಕು. ಮುಂದೆ ಮಾನ್ಯ ಪದವಿ ಬೇಕೆನ್ನುವವರು ಇಲ್ಲಿಗೆ ಬರಬಾರದು. ಬಲ್ಮಠಕ್ಕೋ ಬೆಂಗಳೂರಿಗೋ ಅರ್ಜಿ ಹಾಕುವುದು ಲೇಸು. ಹಳ್ಳಿಯ ಸಭೆಯೊಂದರಲ್ಲಿ ಸೇವೆ ಮಾಡಬೇಕು, ಕನ್ನಡದಲ್ಲಿಯೇ ಯೋಚಿಸುತ್ತೇನೆ, ಇಂಗ್ಲಿಷಿಗೆ ಹೆದರಿ ಓದು ಬಿಟ್ಟಿದ್ದೇನೆ ಎನ್ನುವವರು ಧಾರಾಳವಾಗಿ ಬರಬಹುದು. ನನ್ನಂತೆ ವಯಸ್ಸಾದವರು ಬರುವುದಾದರೆ ಕೆಳಗಿನ ಅಂತಸ್ತಿನ ಕೋಣೆಯನ್ನು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಮಾಳಿಗೆಗೆ ಏಣಿಯೇ ಗತಿ.

ಅರ್ಜಿಗಳನ್ನು ಮೇ ತಿಂಗಳಲ್ಲಿ ಕೊಡುತ್ತಾರೆ, ತರಗತಿ ಜೂನ್ ಮಧ್ಯದಲ್ಲಿ ಆರಂಭ. ಬಕೆಟ್ಟು, ಚಾಪೆ, ಸೊಳ್ಳೆಪರದೆ ತರಲು ಪಟ್ಟಿಯಲ್ಲಿ ಬರೆದಿರುತ್ತಾರೆ. ಪಟ್ಟಿಯಲ್ಲಿಲ್ಲದ ಒಳ್ಳೆಯ ಕನ್ನಡ ನಿಘಂಟೊಂದನ್ನೂ, ಸಣ್ಣ ಟೇಬಲ್ ಫ್ಯಾನೊಂದನ್ನೂ ತನ್ನಿ. ಫ್ಯಾನಿಗೆ ಅನುಮತಿಯಿಲ್ಲ ಎಂದು ವಾರ್ಡನ್ ಹೇಳುತ್ತಾರೆ. ನನ್ನದನ್ನು ಅವರ ಕಚೇರಿಯಲ್ಲಿಯೇ ಬಿಟ್ಟು ಬಂದಿದ್ದೇನೆ, ಅದು ಅಲ್ಲಿ ತಿರುಗುತ್ತಿದೆ.